ಲಕ್ವದ ನಂತರ ವ್ಯಾಯಾಮ ಬೇಡವೆಂದರೆ
ಲಕ್ವ ಹೊಡೆದ ತಂದೆಯವರು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು 2 ವಾರಕ್ಕೇ ಬಿಟ್ಟರು ಎಂದಿದ್ದೀರಿ. ನಮ್ಮ ಅತ್ತೆಯವರೂ ಹಾಗೆಯೇ. ಕೈಯಲ್ಲಿ ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಚೆಂಡು ಎತ್ತಿಟ್ಟು ಅವರೆಕಾಯಿಯ ಮೊರವನ್ನು ಮುಂದಿಟ್ಟೆವು. ಮೊದಲ ದಿನ ಸೋತ ಬಲಗೈಯನ್ನೂ ಸೇರಿಸಿ ಸುಲಿದದ್ದು ನಾಲ್ಕೇ ಕಾಯಿ, ಅರ್ಧ ಕಾಳು ನೆಲಕ್ಕೆ. ನಡುವೆ ಯಾರೂ ಕೈಹಾಕಲಿಲ್ಲ (ನನಗೆ ಅದೇ ಕಷ್ಟವಾಗಿತ್ತು).

ಕುರ್ಚಿಯಿಂದ ಎದ್ದು ಕೂರುವುದನ್ನು ಕಾಫಿಯ ಹೊತ್ತಿಗೆ ಗಂಟು ಹಾಕಿ; ಪಕ್ಕದಲ್ಲಿ ಒಬ್ಬರು ನಿಂತಿರಲಿ. ಒಮ್ಮೆಲೇ ಅರ್ಧ ಗಂಟೆ ಬೇಡ, 10 ನಿಮಿಷದಂತೆ ಮೂರು ಸಲ ಸಾಕು. ತಂದೆಯವರ ಆಯಾಸ ಸೋಮಾರಿತನವಲ್ಲ. ಎಬ್ಬಿಸುವಾಗ ಸೋತ ಕೈಯನ್ನು ಎಳೆಯಲೇಬೇಡಿ, ಭುಜದ ಕೀಲಿಗೆ ಪೆಟ್ಟು. ಯಾವುದರಲ್ಲೂ ಮನಸ್ಸಿಲ್ಲದೆ ಮಂಕಾಗಿದ್ದರೆ ವೈದ್ಯರಿಗೆ ಹೇಳಿ. ಲಕ್ವದ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ.