ಕೂರ್ಮಗಡದ ಹಳದಿ ಇರುವೆ: ಹೆಸರಿಡುವ ಮೊದಲು ಸೊಂಟ ನೋಡಿ

ಕೂರ್ಮಗಡದ ನರಸಿಂಹ ಜಾತ್ರೆಗೆ ಹೋದಾಗ ತೆಗೆದ ಹಳದಿ ಇರುವೆಯ ಚಿತ್ರ ಹಾಕಿ, ಇದು ಆ ದ್ವೀಪದಲ್ಲಷ್ಟೇ ಇರುವ ಅಪರೂಪದ ಪ್ರಭೇದವೇ ಎಂದು ಕೇಳಿದ್ದೀರಿ. ಕೆಳಗೆ ಇಬ್ಬರು ಆಗಲೇ ಅಭಿನಂದನೆಯನ್ನೂ ಹೇಳಿಬಿಟ್ಟಿದ್ದಾರೆ! ಸ್ವಲ್ಪ ತಡೆಯೋಣ. ಫಿಜಿಯಲ್ಲಿರುವ ಪೊಯೆಸಿಲೊಮಿರ್ಮಾ ಎಂಬ ಇರುವೆ ಕುಲ ಬೇರೆಲ್ಲೂ ಇಲ್ಲ, ನಿಜ. ಆದರೆ ಅದು ನಡುಸಮುದ್ರದ ದ್ವೀಪಸಮೂಹ. ಕೂರ್ಮಗಡಕ್ಕೆ ಕಾರವಾರದಿಂದ ದೋಣಿಯಲ್ಲಿ ಹೋಗಿ ಅದೇ ದಿನ ಮರಳುತ್ತೇವೆ. ಬಾಳೆಗೊನೆಯ ಜೊತೆ ಇರುವೆಯೂ ದೋಣಿ ಹತ್ತುತ್ತದೆ.

ನಿಮ್ಮ ಚಿತ್ರ ಮೇಲಿನಿಂದ ತೆಗೆದದ್ದು, ಸೊಂಟವೇ ಕಾಣುವುದಿಲ್ಲ. ಇರುವೆಯ ಜಾತಕ ಇರುವುದು ಅಲ್ಲಿ. ಎದೆಗೂ ಹೊಟ್ಟೆಗೂ ನಡುವೆ ಒಂದೇ ಗಂಟಿದ್ದು, ಹೊಟ್ಟೆಯ ತುದಿಯಲ್ಲಿ ಕುಟುಕುವ ಮುಳ್ಳಿನ ಬದಲು ದುಂಡು ರಂಧ್ರವಿದ್ದರೆ ಫಾರ್ಮಿಸಿನೇ ಉಪಕುಟುಂಬ. ನಮ್ಮ ತೋಟದ ಚಗಳಿ ಇದೇ ಗುಂಪಿನದು. ಎರಡು ಗಂಟಿದ್ದರೆ ಬಹುತೇಕ ಮಿರ್ಮಿಸಿನೇ.

ಆಮೇಲೆ ಮೀಸೆ. ಬುಡದ ಉದ್ದನೆಯ ತುಂಡನ್ನೂ ಸೇರಿಸಿ ಎಣಿಸಿ. ಚಗಳಿಗೆ 12 ತುಂಡುಗಳು. ನಿಮ್ಮದರಲ್ಲಿ 11 ಬಂದು, ಮೀಸೆಯ ಬುಡದ ತುಂಡು ತಲೆಗಿಂತ ಬಹಳ ಉದ್ದವಿದ್ದು, ಮೈ 4–5 ಮಿ.ಮೀ. ಇದ್ದರೆ ನನ್ನ ಅನುಮಾನ ಹಳದಿ ಹುಚ್ಚಿರುವೆಯ ಮೇಲೆ, ಅಂದರೆ ಆನಾಪ್ಲೊಲೆಪಿಸ್ ಗ್ರ್ಯಾಸಿಲಿಪಿಸ್. ಕೆದಕಿದರೆ ದಿಕ್ಕೆಟ್ಟು ಓಡಾಡುತ್ತದೆ; ಕುಟುಕುವುದಿಲ್ಲ, ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಲಕ್ಷಾಂತರ ಕೆಂಪು ಏಡಿಗಳನ್ನು ಕೊಂದದ್ದು ಇದೇ ಇರುವೆ. ಅಲ್ಲಿ ಅದು ಕೊಬ್ಬಿದ್ದು ಮರಗಳ ರಸ ಹೀರುವ ಪುಟ್ಟ ಶಲ್ಕಕೀಟಗಳ ಸಿಹಿದ್ರವ ಕುಡಿದು. ಹಾಗಾಗಿ 2016ರಲ್ಲಿ ಆ ಕೀಟಗಳನ್ನು ಹತೋಟಿಗೆ ತರಲು ಕಿರುಕಣಜಗಳನ್ನು ಬಿಡಲಾಯಿತು. ನಿಮ್ಮದು ಈ ಇರುವೆಯೇ ಆದರೆ ಅಪರೂಪವಲ್ಲ, ಆದರೂ ದಾಖಲಿಸಬೇಕಾದದ್ದೇ. ಹತ್ತಿರದ ಗಿಡಗಳಲ್ಲಿ ಶಲ್ಕಕೀಟ ಇವೆಯೇ ಎಂಬುದನ್ನೂ ಬರೆದಿಡಿ.

ಬಣ್ಣವನ್ನು ಮಾತ್ರ ನಂಬಬೇಡಿ, ಬಿಸಿಲಿನಲ್ಲಿ ಕಂದು ಇರುವೆಯೂ ಹಳದಿಯಾಗಿ ಕಾಣುತ್ತದೆ. ಮೊಬೈಲ್‌ಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ಮುಖ, ಪಕ್ಕ, ಬೆನ್ನು ಹೀಗೆ ಮೂರು ಚಿತ್ರ ತೆಗೆಯಿರಿ. ಇರುವೆಗಳ ಚಿತ್ರಗಳಿರುವ ಆಂಟ್‌ವೆಬ್ ಜಾಲತಾಣದಲ್ಲಿ ಮಾದರಿಗಳನ್ನು ತೋರಿಸುವುದು ಈ ಮೂರು ಕೋನಗಳಲ್ಲೇ, ಹೋಲಿಸಲು ಸುಲಭ. ಇರುವೆಯನ್ನೇ ತರಬೇಕೆಂದರೆ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿ. ಡಿಎನ್‌ಎ ಪರೀಕ್ಷೆಗೆ ಶೇ. 95ರ ಆಲ್ಕೋಹಾಲ್ ಬೇಕು. ಸ್ಯಾನಿಟೈಸರ್ ಅಂಟಂಟು, ಅದರಲ್ಲಿ ಹಾಕಬೇಡಿ. ಜಾಗ, ದಿನಾಂಕ, ಗೂಡು ಎಲ್ಲಿತ್ತು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಸೀಸೆಯೊಳಗೇ ಇರಲಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಪಕ್ಕದಿಂದ ತೆಗೆದ ಒಂದು ಸ್ಪಷ್ಟ ಚಿತ್ರ ಹಾಕಿದರೂ ಉಪಕುಟುಂಬ ಯಾವುದೆಂದು ಇಲ್ಲೇ ಹೇಳಬಹುದು.