ಜಾಣೆ ಎಂಬ ಹೊನ್ನಶೂಲ

"ಮಗಳು ಹತ್ತನೇ ತರಗತಿ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ 80ಕ್ಕೆ 41 ಬಂತು. ಆ ಉತ್ತರ ಪತ್ರಿಕೆಯನ್ನು ಬ್ಯಾಗಿನ ಅಡಿಯಲ್ಲಿ ಬಚ್ಚಿಟ್ಟಿದ್ದಳು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಾಳೆ. 'ನೀನು ಜಾಣೆ, ನಿನ್ನ ಕೈಲಿ ಆಗುತ್ತೆ' ಅಂತ ದಿನಾ ಹುರಿದುಂಬಿಸುತ್ತೇನೆ. ಸ್ವಲ್ಪ ಭಯ ಇದ್ದರೇನೇ ಓದೋದು ಅನ್ನುತ್ತಾರೆ ಯಜಮಾನರು. ವಾಲಿಬಾಲ್ ಬಿಡಿಸಿ ಬೆಳಗ್ಗೆ ಐದಕ್ಕೆ ಟ್ಯೂಷನ್ ಹಾಕಿದ್ದೇವೆ. ಮುಂದಿನ ತಿಂಗಳು ನನ್ನ ತಮ್ಮನ ಮದುವೆ, ಅವಳನ್ನು ಕರೆದುಕೊಂಡು ಹೋಗಬಹುದೇ? ಇನ್ನೂ ಹೇಗೆ ಧೈರ್ಯ ತುಂಬಲಿ?"
— ಒಬ್ಬ ತಾಯಿ, ಅರಸೀಕೆರೆ

ತಾಯಿ, ನಿಮ್ಮ ಯಜಮಾನರ ಮಾತನ್ನು ಮೊದಲು ಮುಗಿಸಿಬಿಡೋಣ. ಚೂರು ಭಯ ಬೇಕು, ಒಪ್ಪಿದೆ. ಅದನ್ನು ಶಾಲೆ, ಟ್ಯೂಷನ್, ಪಕ್ಕದ ಮನೆಯವರು ಧಾರಾಳವಾಗಿ ಒದಗಿಸುತ್ತಿದ್ದಾರೆ. ಮನೆಯಿಂದ ಮತ್ತೆ ಸುರಿಯುವುದು ಬೇಡ.

ನನ್ನ ತಕರಾರು ನಿಮ್ಮ ಮೇಲೆಯೇ. "ನೀನು ಜಾಣೆ" ಅನ್ನುವ ಮಾತನ್ನು ಇವತ್ತೇ ನಿಲ್ಲಿಸಿ. ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಅಂತ ನಮ್ಮಲ್ಲಿ ಸುಮ್ಮನೆ ಹೇಳಿಲ್ಲ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಐದನೇ ತರಗತಿ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಅಂದರು. ಆಮೇಲೆ ಬೇಕೆಂದೇ ಕಷ್ಟದ್ದನ್ನು ಕೊಟ್ಟು ಸೋಲಿಸಿದರು. ಬುದ್ಧಿವಂತ ಅನ್ನಿಸಿಕೊಂಡವರು ನಂತರದ ಸುಲಭದ ಸುತ್ತಿನಲ್ಲೂ ಹಿಂದೆ ಬಿದ್ದರು. ತಮಗೆ ಬಂದ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಿ ಅಂದಾಗ ಹೆಚ್ಚು ಸುಳ್ಳು ಬರೆದವರೂ ಇವರೇ. ನಿಮ್ಮ ಮಗಳು ಪತ್ರಿಕೆ ಬಚ್ಚಿಟ್ಟದ್ದು ಇನ್ನೇನು? 41 ಬಂದದ್ದಕ್ಕಿಂತ ಹೆಚ್ಚಾಗಿ, ಅಮ್ಮ ಕೊಟ್ಟ ಬಿರುದು ಹೋಯಿತಲ್ಲ ಅನ್ನುವುದೇ ಅವಳಿಗೆ ಸಂಕಟ.

ಮತ್ತೇನು ಹೇಳಬೇಕು? ಕಡಿಮೆ ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಬಚ್ಚಿಟ್ಟ ಆ ಪತ್ರಿಕೆಯನ್ನೇ ತೆಗೆಯಿರಿ, ಬೈಯುವುದಿಲ್ಲ ಅಂತ ಮೊದಲೇ ಹೇಳಿ. ಕಳೆದುಹೋದ ಅಂಕ 39. ಒಂದೊಂದರ ಪಕ್ಕದಲ್ಲೂ ಕಾರಣವನ್ನು ಅವಳ ಕೈಯಲ್ಲೇ ಪೆನ್ಸಿಲಿನಲ್ಲಿ ಬರೆಸಿ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಪ್ರಶ್ನೆ ಸರಿಯಾಗಿ ಓದಲಿಲ್ಲ, ಹೊತ್ತು ಸಾಲಲಿಲ್ಲ. ಬಿಡಿಬಿಡಿಯಾಗಿ ಕೂಡಿ ನೋಡಿ. ವರ್ಗ ಸಮೀಕರಣದ ಸೂತ್ರ ಬಾಯಿಪಾಠ ಇರುತ್ತದೆ, ಬಿ ಬೆಲೆ −5 ಇದ್ದಾಗ ಮೈನಸ್ ಬಿ ಅಂದರೆ +5 ಆಗಬೇಕು, ಅಲ್ಲಿ ಮತ್ತೆ −5 ಬರೆದು ಕೆಳಗಿನ ನಾಲ್ಕು ಸಾಲೂ ಹಾಳು. ಇದು ದಡ್ಡತನವಲ್ಲ. ಮೂರು ದಿನ, ದಿನಕ್ಕೆ ಐದು ಲೆಕ್ಕದಲ್ಲಿ ಬೆಲೆ ಹಾಕುವಾಗ ಕಂಸ ಬರೆಯುವ ಅಭ್ಯಾಸ ಮಾಡಿಸಿದರೆ ಹೋಗುವ ಕಾಯಿಲೆ. "ನನಗೆ ಗಣಿತ ಬರಲ್ಲ" ಅನ್ನುತ್ತಿದ್ದವಳು "ನನಗೆ ಚಿಹ್ನೆ ತಪ್ಪುತ್ತೆ" ಅನ್ನತೊಡಗಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಹೊತ್ತು ಸಾಲದ್ದಕ್ಕೂ ಲೆಕ್ಕ ಇದೆ. ಬರೆಯಲು ಮೂರು ಗಂಟೆ, ಪ್ರಶ್ನೆಪತ್ರಿಕೆ ಓದಲು ಬೇರೆ 15 ನಿಮಿಷ. 180 ನಿಮಿಷಕ್ಕೆ 80 ಅಂಕ ಅಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ, ಮೂರು ಅಂಕದ ಲೆಕ್ಕಕ್ಕೆ ಏಳು ನಿಮಿಷದೊಳಗೆ. ಎಂಟು ನಿಮಿಷವಾದರೂ ದಾರಿ ಕಾಣದಿದ್ದರೆ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಇದನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡೇ ರೂಢಿ ಮಾಡಿಸಬೇಕು.

ಓದುವ ರೀತಿಯೂ ಬದಲಾಗಲಿ. ಒಂದೇ ಪಾಠವನ್ನು ನಾಲ್ಕು ಸಲ ಓದಿದರೆ ಬಂದುಬಿಟ್ಟಿತು ಅನ್ನಿಸುತ್ತದೆ, ಅದು ಮೋಸ. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದ್ದವರು ಮುಂದೆ. ಇಪ್ಪತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ಹತ್ತು ನಿಮಿಷ ರಫ್ ಹಾಳೆಯಲ್ಲಿ ಬರೆಯಲಿ. ಬಿಟ್ಟುಹೋದದ್ದನ್ನು ಬೇರೆ ಇಂಕಿನಲ್ಲಿ ತುಂಬಲಿ.

ಇನ್ನು ನಿಮ್ಮ ಐದು ಗಂಟೆಯ ಟ್ಯೂಷನ್. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕೂಕಾಲಿಗೆ ಎದ್ದರೆ ಐದೂಕಾಲು ಗಂಟೆ ನಿದ್ದೆ. ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು. ಹಗಲು ಓದಿದ್ದು ನೆನಪಿನಲ್ಲಿ ಕೂರುವುದೇ ನಿದ್ದೆಯಲ್ಲಿ. ಒಂದು ಕೈಯಲ್ಲಿ ಫೀಸು ಕೊಟ್ಟು ಇನ್ನೊಂದು ಕೈಯಲ್ಲಿ ಕಲಿತದ್ದನ್ನು ಅಳಿಸುತ್ತಿದ್ದೀರಿ. ಟ್ಯೂಷನ್ ಸಂಜೆಗೆ ಹಾಕಿಸಿ, ಇಲ್ಲವೇ ಬಿಡಿಸಿ. ವಾಲಿಬಾಲ್ ಮುಕ್ಕಾಲು ಗಂಟೆ ವಾಪಸ್ ಕೊಡಿ.

ಹೊಟ್ಟೆನೋವನ್ನು ನಾಟಕ ಅನ್ನಬೇಡಿ. ಭಾನುವಾರ ಇಲ್ಲದೆ ಸೋಮವಾರ ಬರುವ ನೋವೂ ನೋವೇ. ರಾತ್ರಿ ಎಬ್ಬಿಸುವಂತಿದ್ದರೆ, ಜ್ವರ, ವಾಂತಿ ಇದ್ದರೆ, ತೂಕ ಇಳಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ಸಲ. ಇದನ್ನು ಈಗಿನಿಂದಲೇ ದಿನಾ ಮಾಡಿಸಿ, ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಮಾಡಿದರೆ ಕೆಲಸಕ್ಕೆ ಬಾರದು. ಎರಡು ವಾರವಾದರೂ ಊಟ, ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ: ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ. "ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಮಾಡಿ, ಅವಳನ್ನು ಒಂಟಿ ಬಿಡಬೇಡಿ.

ಇಷ್ಟು ಬರೆದ ಮೇಲೂ ಸಿಟ್ಟು ಇಳಿದಿಲ್ಲ, ಅದು ನಿಮ್ಮ ಮೇಲಿನದಲ್ಲ. 2023-24ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಬಂದವು, ಮೂರರಲ್ಲಿ ಉತ್ತಮವಾದ ಅಂಕ ಉಳಿಯುವಂತಾಯಿತು. 'ಪೂರಕ' ಅನ್ನುವ ಕಳಂಕದ ಹಣೆಪಟ್ಟಿಯೂ ಹೋಯಿತು. ಆದರೆ ನಮ್ಮ ಬಾಯಿಂದ 'ಸಪ್ಲಿಮೆಂಟರಿ' ಹೋಗಲಿಲ್ಲ! ಫಲಿತಾಂಶದ ಮರುದಿನ ಸರ್ಕಲ್ಲಿಗೊಂದು ಫ್ಲೆಕ್ಸು, 625ಕ್ಕೆ 625 ಬಂದವರ ಮುಖ, ಅದರ ಕೆಳಗೆ ಪ್ರವೇಶಾತಿಯ ಫೋನ್ ನಂಬರು. ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಪತ್ರಿಕೆಗಳಲ್ಲಿ ಪಟ್ಟಿ (ನಮ್ಮ ವೃತ್ತಿಯವರದೇ ಪಾಪ, ಒಪ್ಪುತ್ತೇನೆ). ಸ್ಥಾನ ಇಳಿದರೆ ಅಧಿಕಾರಿ ಮುಖ್ಯಶಿಕ್ಷಕರನ್ನು ಗದರುತ್ತಾರೆ, ಅವರು ಮೇಷ್ಟ್ರನ್ನು, ಮೇಷ್ಟ್ರು ಮಕ್ಕಳನ್ನು. ಶೇ. 100 ಉಳಿಸಿಕೊಳ್ಳಲು ಒಂಬತ್ತರಲ್ಲೇ ಹಿಂದುಳಿದವರ ಕೈಗೆ ಟಿ.ಸಿ. ಕೊಡುವ ಶಾಲೆಗಳೂ ಇವೆ. ಆ ಮಗುವಿನ ಫೋಟೊ ಯಾವ ಫ್ಲೆಕ್ಸಿನಲ್ಲಿ?

ಮದುವೆಗೆ ಕರೆದುಕೊಂಡು ಹೋಗಿ. ಸೋದರಮಾವನ ಮದುವೆ, ಅವಳಿಲ್ಲದೆ ಆಗುತ್ತದೆಯೇ? ಮುಹೂರ್ತದ ದಿನ ಸಾಕು, ಊಟ ಮುಗಿಸಿ ಸಂಜೆಗೆ ವಾಪಸ್ ಬನ್ನಿ. ನಿಮ್ಮ ತಮ್ಮನಿಗೆ ಮೊದಲೇ ಫೋನ್ ಮಾಡಿ, ಪಂಕ್ತಿಯಲ್ಲಿ ಯಾರೂ "ಪ್ರಿಪರೇಟರಿಲಿ ಎಷ್ಟು ಬಂತಮ್ಮ" ಅಂತ ಕೇಳಕೂಡದು ಅಂತ ಹೇಳಿಡಿ.

— ಸಂ.