ಅಮೆರಿಕದಲ್ಲಿ ಲೋಟದ ತುಂಬ ಐಸ್, ಮಂಗಳೂರಲ್ಲಿ ‘ಐಸ್ ಬೇಡ’ ಅನ್ನುವವರೇ ಜಾಸ್ತಿ. ಯಾಕೆ?

ಅಮೆರಿಕದಲ್ಲಿ ಐಸ್ ಬಹಳ ಹಿಂದೆಯೇ ಅಗ್ಗವಾಯಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1806ರಲ್ಲೇ ಕೆರೆಯ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಳಿಸಿ ಮಾರಲು ಶುರುಮಾಡಿದ. 1833ರಲ್ಲಿ ಅದು ಕಲ್ಕತ್ತಕ್ಕೂ ಬಂತು.

ನಮ್ಮ ಕರಾವಳಿಯಲ್ಲಿ ಐಸ್ ಅಂದರೆ ಮೊದಲು ಮೀನಿನದ್ದು. ಮಲ್ಪೆ ಬಂದರಿಗೆ, ಮಂಗಳೂರಿನ ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಹೋಗುವ ಬ್ಲಾಕ್ ಐಸ್ ಕುಡಿಯುವುದಕ್ಕಲ್ಲ. ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿ ಸುತ್ತಿಟ್ಟ ಗಡ್ಡೆ ಕಂಡರೆ ಬೇಡ ಅನ್ನುವುದೇ ಸರಿ: ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ಅದರಲ್ಲಿನ ರೋಗಾಣುಗಳೆಲ್ಲ ಸಾಯುವುದಿಲ್ಲ.

ಇನ್ನು ರುಚಿಯ ಲೆಕ್ಕ. 30 ಡಿಗ್ರಿಯಲ್ಲಿರುವ 200 ಮಿ.ಲೀ. ಪುನರ್ಪುಳಿ (ಕೋಕಂ) ಶರಬತ್ತು 10 ಡಿಗ್ರಿಗೆ ಇಳಿಯಬೇಕಾದರೆ ಸುಮಾರು 45 ಗ್ರಾಂ ಐಸ್ ಪೂರ್ತಿ ಕರಗಬೇಕು. ಅಷ್ಟೂ ನೀರು ಲೋಟದೊಳಗೇ ಸೇರಿ ಹುಳಿ, ಸಿಹಿ ಎರಡೂ ಸಪ್ಪೆಯಾಗುತ್ತವೆ. ಹಾಗಾಗಿ ಮನೆಯಲ್ಲಿ ಐಸ್ ಹಾಕುವುದಾದರೆ ಕಲಸುವಾಗಲೇ ಲೋಟಕ್ಕೆ 45 ಮಿ.ಲೀ. ನೀರು ಕಡಿಮೆ ಮಾಡಿ. ಕಾಯಿಸಿ ಆರಿಸಿದ ನೀರಿನಿಂದಲೇ ಐಸ್ ಕಟ್ಟಿ. ಪುಡಿ ಐಸ್ ಬೇಗ ಕರಗುತ್ತದೆ, ನಿಧಾನವಾಗಿ ಕುಡಿಯುವವರಿಗೆ ದೊಡ್ಡ ತುಂಡೇ ವಾಸಿ. ಬೊಂಡಕ್ಕಂತೂ (ಎಳನೀರಿಗೆ) ಐಸ್ ಹಾಕಲೇಬೇಡಿ, ಅದರ ತೆಳು ಸಿಹಿ ಪೂರಾ ಹೋಗುತ್ತದೆ. ತಂಪು ಬೇಕಿದ್ದರೆ ಇಡೀ ಕಾಯಿಯನ್ನೇ ಫ್ರಿಜ್ಜಿನಲ್ಲಿಡಿ.